ಒಂದು ಮೊಳ ದೂರ

ಅವರಿಬ್ಬರ ಮೊದಲ ಭೇಟಿ ನಡೆದದ್ದು ಹಲಸೂರು ಕೆರೆಯ ದಂಡೆಯಲ್ಲಿ, ಇಬ್ಬರೂ ನೆಲಕ್ಕೆ ಬಿದ್ದುಕೊಂಡಿದ್ದಾಗ.

ಜನವರಿಯ ಚಳಿ. ಲಕ್ಷ್ಮಿಕಾಂತ ಎಂದಿನ ವೇಗದಲ್ಲಿ ಓಡಿ ಬರುತ್ತಿದ್ದ. ಮುಂದೆ ಒಬ್ಬ ಹೆಂಗಸು, ಅವಳ ಪಕ್ಕದಲ್ಲಿ ಮಂಕಿಕ್ಯಾಪ್ ಹಾಕಿದ ಹಿರಿಯರೊಬ್ಬರು, ಇಡೀ ಕಾಲುದಾರಿಯನ್ನು ತುಂಬಿಕೊಂಡು ನಿಧಾನವಾಗಿ ಹೋಗುತ್ತಿದ್ದರು. ‘ಸೈಡ್’ ಎನ್ನಬೇಕಿತ್ತು, ಅಷ್ಟೇ. ಆದರೆ ಆ ಮೊದಲ ಅಕ್ಷರ ಹಲ್ಲಿನ ಹಿಂದೆಯೇ ಸಿಕ್ಕಿಹಾಕಿಕೊಂಡಿತು. ಚಿಕ್ಕಂದಿನಿಂದಲೂ ಅವನಿಗೆ ಉಗ್ಗು. ಸರಿ, ಮಾತೇ ಬೇಡ ಎಂದು ಪಕ್ಕದ ಸಂದಿನಲ್ಲಿ ನುಗ್ಗಲು ಹೋದ. ಅದೇ ಕ್ಷಣಕ್ಕೆ ಅವಳೂ ಆ ಕಡೆಗೇ ವಾಲಿದಳು.

"ಬಾಯಿಲ್ವೇನ್ರಿ ನಿಮ್ಗೆ?" ಮೊಣಕೈ ಉಜ್ಜಿಕೊಳ್ಳುತ್ತಾ ಅವಳು ಗದರಿದಳು. "ಬೆಲ್ಲಿಲ್ದಿರೋ ಸೈಕಲ್ ಥರ ಬಂದು ಗುದ್ತೀರಲ್ಲ!"

ಸಿಟ್ಟು ಬಂದಾಗ ಮಾತ್ರ ಲಕ್ಷ್ಮಿಕಾಂತನ ನಾಲಗೆ ಸಲೀಸಾಗಿ ಹೊರಳುತ್ತಿತ್ತು. "ಕಣ್ಣು ಕಾಣಲ್ವಾ ನಿಮ್ಗೆ?"

"ಇಲ್ಲ," ಎಂದಳು ಅವಳು. "ಕಾಣಲ್ಲ."

ಆಗ ಅವನು ನೋಡಿದ. ಅವಳ ಕಣ್ಣುಗಳು ಅವನ ಭುಜದಾಚೆ ಎಲ್ಲೋ ನೀರಿನ ಕಡೆ ನೆಟ್ಟಿದ್ದವು. ಕೈಯಲ್ಲಿ ಹೆಣೆದ ನೂಲಿನ ದಾರವೊಂದರ ತುದಿ. ಇನ್ನೊಂದು ತುದಿ ಆ ಹಿರಿಯರ ಕೈಯಲ್ಲಿ.

"ಹೋಗ್ಲಿ ಬಿಡಿ ಸಾರ್, ಯಾರಿಗೂ ಏನೂ ಆಗ್ಲಿಲ್ವಲ್ಲ," ಎಂದು ಹಿರಿಯರು ಮಗಳನ್ನು ಎಬ್ಬಿಸಿದರು. ಅವನ ಸಿಟ್ಟು ಇಳಿದುಹೋಗಿತ್ತು, ಅದರ ಜೊತೆ ಮಾತೂ. ಅವರು ತಿರುವು ದಾಟುವವರೆಗೂ ಲಕ್ಷ್ಮಿಕಾಂತ ಬಾಯಿ ತೆರೆದುಕೊಂಡು ಅಲ್ಲೇ ನಿಂತಿದ್ದ.

ಮಹದೇವಪುರದ ಕಂಪನಿಯೊಂದರಲ್ಲಿ ಅವನು ಸಾಫ್ಟ್‌ವೇರ್ ಟೆಸ್ಟರ್. ಟೈಪ್ ಮಾಡಿದರೆ ಸಾಕು, ಮಾತಾಡಬೇಕಿಲ್ಲ ಎಂಬ ಕಾರಣಕ್ಕೇ ಆರಿಸಿಕೊಂಡ ಕೆಲಸ. ಅವತ್ತು ಇಡೀ ದಿನ ಅವನಿಗೆ ಸ್ಕ್ರೀನಿನಲ್ಲಿ ಏನೂ ಕಾಣಲಿಲ್ಲ. ‘ಕಾಣಲ್ಲ’ ಎಂದ ಆ ದನಿಯಲ್ಲಿ ಅಳುವಿರಲಿಲ್ಲ, ದೂರೂ ಇರಲಿಲ್ಲ. ಅದೇ ಅವನನ್ನು ಹೆಚ್ಚು ಕುಟುಕಿತು.

ಮರುದಿನ ಕೆರೆಯ ಪಕ್ಕದ ಗುರುದ್ವಾರದ ಎದುರು ಕಾದು ನಿಂತ. ತಂದೆ ಮಗಳು ಬಂದರು.

"ನಾನು... ನಿನ್ನೆ... ಕ್... ಕ್..."

"ಪರ್ವಾಗಿಲ್ಲಪ್ಪ, ಗೊತ್ತಾಯ್ತು ಬಿಡಿ, ಸಾರಿ ಅಂತ ತಾನೆ—"

"ಅಪ್ಪ," ಎಂದಳು ಅವಳು. "ಅವ್ರು ಮಾತಾಡ್ತಿದಾರೆ."

ಎಂದು ಸುಮ್ಮನೆ ನಿಂತಳು.

ಲಕ್ಷ್ಮಿಕಾಂತನಿಗೆ ಗೊತ್ತಿದ್ದ ಜನ ಎರಡೇ ಬಗೆ. ಅವನ ಮಾತನ್ನು ತಾವೇ ಮುಗಿಸಿಕೊಡುವವರು, ಇಲ್ಲವೇ ಮುಖ ಬೇರೆ ಕಡೆ ತಿರುಗಿಸುವವರು. ಇಬ್ಬರೂ ಒಳ್ಳೆಯವರೇ. ಆದರೆ ಹೀಗೆ, ಬಸ್ಸು ಬಂದೇ ಬರುತ್ತದೆ ಎಂದು ನಂಬಿ ಸ್ಟಾಪಿನಲ್ಲಿ ನಿಂತವರ ಹಾಗೆ, ಅವನ ಮಾತಿಗಾಗಿ ಯಾರೂ ಕಾದಿರಲಿಲ್ಲ.

"ಕ್ಷಮಿಸಿ," ಕೊನೆಗೂ ಹೇಳಿದ.

"ಕ್ಷಮಿಸಿದೆ. ನಾನೂ ಬಾಯಿಲ್ವಾ ಅಂದ್ಬಿಟ್ಟೆ, ಅದಕ್ಕೆ ನನ್ನದೂ ಸಾರಿ." ಆಮೇಲೆ ನಕ್ಕಳು. ನಕ್ಕಾಗ ಮೂಗು ಸ್ವಲ್ಪ ಸುಕ್ಕಾಗುತ್ತಿತ್ತು. "ಇಬ್ರೂ ಸರಿಯಾದ ಜಾಗಕ್ಕೇ ಹೊಡೆದಿದ್ವಿ ನೋಡಿ!"

"ಹೆ... ಹೆಸ್ರು?"

"ವಿಮಲಾಕ್ಷಿ. ನಗ್ಬೇಡಿ. ಅಪ್ಪ ಹೆಸರಿಟ್ಟಾಗ ಕಣ್ಣು ಚೆನ್ನಾಗೇ ಇತ್ತು."

ದಾವಣಗೆರೆಯವರು. ಶಾಲೆಯಲ್ಲಿ ಖೊಖೊ ಆಡುತ್ತಿದ್ದ ಹುಡುಗಿ. ಹೈಸ್ಕೂಲಿನಲ್ಲಿ ಮಸುಕಾಗತೊಡಗಿದ ನೋಟ ಕಾಲೇಜು ಮುಗಿಯುವ ಹೊತ್ತಿಗೆ ಪೂರ್ತಿ ಆರಿಹೋಗಿತ್ತು. ಈಗ ಇಂದಿರಾನಗರದ ಬ್ಯಾಂಕೊಂದರಲ್ಲಿ ಅಧಿಕಾರಿ. ತಾಯಿ ತೀರಿಕೊಂಡ ಮೇಲೆ ತಂದೆ ಶಿವಶಂಕರಪ್ಪ ಮಗಳ ಜೊತೆ ಜೋಗುಪಾಳ್ಯದಲ್ಲಿ ಬಂದು ನೆಲೆಸಿದ್ದರು. ಮತ್ತೆ ಓಡಬೇಕು ಎಂಬ ಹಟ ಮಗಳಿಗೆ. ಒಂದು ಸುತ್ತಿಗೇ ಊದಿಕೊಳ್ಳುವ ಮಂಡಿ ಅಪ್ಪನಿಗೆ.

"ನೋಡಪ್ಪ," ಎಂದರು ಶಿವಶಂಕರಪ್ಪ, ಕಲ್ಲುಬೆಂಚಿನ ಮೇಲೆ ಕೂರುತ್ತಾ. "ನಿನ್ನೆ ಗುದ್ದಿದ್ದಕ್ಕೆ ದಂಡ ಅಂತ ಒಂದು ರೌಂಡ್ ಕರ್ಕೊಂಡು ಹೋಗ್ಬಿಟ್ಟು ಬಾ."

"ಅಪ್ಪ!"

"ನಾನು ಬ... ಬರ್ತೀನಿ," ಎಂದ ಲಕ್ಷ್ಮಿಕಾಂತ.

ವಿಮಲಾಕ್ಷಿ ದಾರದ ತುದಿಯನ್ನು ಅವನ ಕಡೆ ಚಾಚಲಿಲ್ಲ. "ಮೊದ್ಲೇ ಹೇಳ್ತೀನಿ ಕೇಳಿ. ದಿನಕ್ಕೆ ಎಷ್ಟು ಸಲ ಥ್ಯಾಂಕ್ಸ್ ಹೇಳ್ತೀನಿ ಅಂತ ನನಗೇ ಲೆಕ್ಕ ಇಲ್ಲ. ಲಿಫ್ಟ್ ಬಟನ್ ಒತ್ತಿದೋರಿಗೆ, ರಸ್ತೆ ದಾಟಿಸಿದೋರಿಗೆ... ನಾನು ದಾಟೋದೇ ಬೇಡ ಅಂದ್ರೂ ಕೈ ಹಿಡಿದು ದಾಟಿಸಿದೋರಿಗೂ. ಓಡೋವಾಗ ಮಾತ್ರ ಹೇಳಲ್ಲ. ಕನಿಕರಕ್ಕೆ ಬರೋದಾದ್ರೆ ಬರ್ಬೇಡಿ."

"ದಂ... ದಂಡ ಕಟ್ಟೋಕೆ ಬರ್ತಿದೀನಿ," ಎಂದ ಅವನು.

ಅವಳ ಮೂಗು ಮತ್ತೆ ಸುಕ್ಕಾಯಿತು. ದಾರ ಕೈಗೆ ಬಂತು. ಉದ್ದ ಒಂದು ಮೊಳವೂ ಇರಲಿಲ್ಲ.

ಒಂದು ರೌಂಡಿನ ದಂಡ ಒಂದು ವಾರವಾಯಿತು, ಆಮೇಲೆ ತಿಂಗಳಾಯಿತು.

ಕೆರೆಯ ಬಳಿ ಓಟದ ಗುಂಪೊಂದನ್ನು ನಡೆಸುತ್ತಿದ್ದ ಮಾರಿಯಾ ಎಂಬ ಕೋಚ್ ಇಬ್ಬರನ್ನೂ ತಮ್ಮ ತೆಕ್ಕೆಗೆ ಹಾಕಿಕೊಂಡರು. ಕಾಕ್ಸ್‌ಟೌನಿನವರು. ಮೂರು ಭಾಷೆ ಬೆರೆಸಿ ಬೈಯುತ್ತಿದ್ದರು. "ಮಾರ್ಚ್‌ನಲ್ಲಿ ಫೈವ್ ಕೆ, ಮೇ ತಿಂಗಳಲ್ಲಿ ಟೆನ್ ಕೆ, ಅಕ್ಟೋಬರ್‌ನಲ್ಲಿ ಹಾಫ್ ಮ್ಯಾರಥಾನ್. ಓಕೆ ಮಾ? ಸ್ಲೋ ಆಗಿ ಬಿಲ್ಡ್ ಮಾಡೋಣ," ಎಂದು ವಿಮಲಾಕ್ಷಿಯ ಬೆನ್ನು ತಟ್ಟಿದರು. ಲಕ್ಷ್ಮಿಕಾಂತನಿಗೆ ಮಾತ್ರ, "ಯೂ! ವಾಚ್ ನೋಡೋದು ಬಿಟ್ಟು ರೋಡ್ ನೋಡು," ಎಂದರು.

ಮೊದಮೊದಲು ಅವನು ಕೆಟ್ಟ ಗೈಡ್. ಹಂಪ್ ಬಂದು ಹೋದ ಮೇಲೆ ‘ಹಂಪ್’ ಎನ್ನುತ್ತಿದ್ದ. ಆಮೇಲೆ ದಾರಕ್ಕೇ ಮಾತು ಕಲಿಸಿದರು. ಈ ಕಡೆ ಸೆಳೆದರೆ ಎಡ, ಮೃದುವಾಗಿ ತಳ್ಳಿದರೆ ಬಲ, ಮೇಲೆತ್ತಿದರೆ ಮೆಟ್ಟಿಲು. ಉಳಿದದ್ದನ್ನು ಬಾಯಲ್ಲೇ ಹೇಳಬೇಕಿತ್ತು. ಓಡುವ ಉಸಿರಿನ ಲಯಕ್ಕೆ ಮಾತು ಸೇರಿದಾಗ ಉಗ್ಗು ಸ್ವಲ್ಪ ಸಡಿಲವಾಗುತ್ತದೆ ಎಂದು ಅವನಿಗೆ ಗೊತ್ತಾದದ್ದೂ ಆಗಲೇ. ಇಡೀ ವರ್ಷ ಆಫೀಸಿನಲ್ಲಿ ಆಡದಷ್ಟು ಮಾತನ್ನು ಅವನು ಆ ಕೆರೆಯ ಸುತ್ತ ಆಡಿದ.

"ಈಗ ಎಡಕ್ಕೆ ಏನಿದೆ?"

"ನೀರು. ನಾಲ್ಕು ನೀರುಕಾಗೆ ರೆ... ರೆಕ್ಕೆ ಒಣಗಿಸ್ಕೊತಾ ಇವೆ."

"ಬಲಕ್ಕೆ?"

"ಬಲಕ್ಕೆ ನೀವು."

ಅಂದ ಮೇಲೆ ಏನಂದೆ ಎಂದು ಅವನಿಗೆ ಹೊಳೆಯಿತು. ಅವಳು ಮುಖ ತಿರುಗಿಸದೆ ನಕ್ಕಳು. "ಹೆಜ್ಜೆ ತಪ್ತು ನೋಡಿ. ನೀವು ನಾಚ್ಕೊಂಡಾಗೆಲ್ಲ ತಪ್ಪುತ್ತೆ."

ಅವನು ಅವಳನ್ನು ನೋಡುತ್ತಿದ್ದ ಎಂಬುದು ನಿಜ. ಕಿವಿಯ ಹಿಂದೆ ನಿಲ್ಲದೆ ಕೆನ್ನೆಗೆ ಅಂಟುವ ಆ ಒಂದು ಎಳೆ ಕೂದಲು. ಏರು ಬಂದಾಗ ಕೆಳತುಟಿ ಕಚ್ಚಿಕೊಳ್ಳುವುದು. ತಿರುಗಿ ನೋಡಲಾರದವಳನ್ನು ಹೀಗೆ ನೋಡುವುದು ಕಳ್ಳತನವೆನಿಸಿ, ಒಂದು ದಿನ ತಡೆಯಲಾರದೆ ಹೇಳಿಯೇಬಿಟ್ಟ. "ನಾನು ನಿಮ್ಮನ್ನ ನೋ... ನೋಡ್ತಿರ್ತೀನಿ. ಗೊತ್ತಿರ್ಲಿ ಅಂತ ಹೇಳ್ದೆ."

"ಗೊತ್ತು."

"ಹೇಗೆ?"

"ನೀವು ನನ್ನ ಕಡೆ ತಿರುಗಿದಾಗ ದಾರ ಸಡಿಲ ಆಗುತ್ತೆ." ಮೂಗರಳಿಸಿ ವಾಸನೆ ಹಿಡಿದಳು. "ಇವತ್ತು ತುಂಬಾನೇ ಸಡಿಲ ಇದೆ. ಸೋಪೂ ಬದಲಾಗಿದೆ. ಏನ್ ವಿಶೇಷ?"

ಅವನ ಹೆಜ್ಜೆ ಮತ್ತೆ ತಪ್ಪಿತು.

ಮಾರ್ಚ್ ತಿಂಗಳ ಐದು ಕಿಲೋಮೀಟರ್ ಓಟ ಹಬ್ಬದ ಹಾಗೆ ಮುಗಿಯಿತು. ಪದಕ ಕೊರಳಿಗೆ ಬಿದ್ದಾಗ ವಿಮಲಾಕ್ಷಿ ಅದನ್ನು ಹಲ್ಲಿನಿಂದ ಕಚ್ಚಿ ನೋಡಿ, "ತಗಡು!" ಎಂದಳು. ಶಿವಶಂಕರಪ್ಪ ಇಬ್ಬರಿಗೂ ಬೆಣ್ಣೆದೋಸೆ ಕೊಡಿಸಿದರು. ಇದು ದೋಸೆಯೂ ಅಲ್ಲ, ಇದರ ಮೇಲಿರುವುದು ಬೆಣ್ಣೆಯೂ ಅಲ್ಲ ಎಂದು ಅಪ್ಪ ಮಗಳು ಸೇರಿ ಬೆಂಗಳೂರನ್ನು ಬೈಯುತ್ತಾ ಮತ್ತೊಂದೊಂದು ತರಿಸಿಕೊಂಡರು. ಅವತ್ತು ಮನೆಗೆ ಹೋಗುವಾಗ ಲಕ್ಷ್ಮಿಕಾಂತ ತನಗೆ ತಾನೇ ಹೇಳಿಕೊಂಡ: ಆ ದಿನ ‘ಸೈಡ್’ ಎಂಬ ಮಾತು ಸಮಯಕ್ಕೆ ಸರಿಯಾಗಿ ಬಾಯಿಂದ ಹೊರಟಿದ್ದರೆ, ನಾನು ಇವಳ ಪಕ್ಕದಲ್ಲೇ ಹಾದು ಮುಂದೆ ಹೋಗಿಬಿಡುತ್ತಿದ್ದೆ. ತನ್ನ ಉಗ್ಗಿಗೆ ಅವನು ಕೈಮುಗಿದದ್ದು ಹುಟ್ಟಿದ ಮೇಲೆ ಅದೇ ಮೊದಲು.

ಆದರೆ ಅದೇ ಉಗ್ಗು ಏಪ್ರಿಲ್ ಕೊನೆಯಲ್ಲಿ ಕೈಕೊಟ್ಟಿತು.

ಹತ್ತು ಕಿಲೋಮೀಟರ್ ಓಟಕ್ಕೆ ಇನ್ನು ಕೆಲವೇ ವಾರ ಉಳಿದಿತ್ತು. ಕೆರೆಯ ಮೇಲಿನ ರಸ್ತೆಯಲ್ಲಿ ಹಿಂದಿನ ದಿನ ಇಲ್ಲದ ಒಂದು ಗುಂಡಿ ಇತ್ತು. ಯಾರೋ ಕೇಬಲ್ ಹಾಕಲು ಅಗೆದು ಹಾಗೇ ಬಿಟ್ಟಿದ್ದರು. ತಿರುವಿನಲ್ಲಿ ಅದು ಕಂಡದ್ದೇ ತಡ, ಲಕ್ಷ್ಮಿಕಾಂತ ದಾರ ಎಳೆದ. ಅದೇ ಹೊತ್ತಿಗೆ ಎದುರಿನಿಂದ ಬೈಕೊಂದು ಫುಟ್‌ಪಾತಿನ ಮೇಲೇ ನುಗ್ಗಿ ಬಂತು. ಈಗ ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ‘ನಿಲ್ಲಿ’ ಎನ್ನಬೇಕು. ‘ನಿ’ ಎಂಬಲ್ಲೇ ನಾಲಗೆ ಕಚ್ಚಿ ನಿಂತಿತು.

ವಿಮಲಾಕ್ಷಿ ಗುಂಡಿಯ ಅಂಚಿಗೆ ಕೈಯೂರಿ ಬಿದ್ದಳು. ಮುಂಗೈ ಮೂಳೆ ಬಿರುಕುಬಿಟ್ಟಿತು.

ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿಸುವಾಗ ಅವಳೇ ಜೋಕ್ ಮಾಡುತ್ತಿದ್ದಳು. ಲಕ್ಷ್ಮಿಕಾಂತನಿಗೆ ಅದು ಕೇಳಿಸುತ್ತಿರಲಿಲ್ಲ. ಅವನ ಕಣ್ಣ ಮುಂದೆ ಆ ಬೈಕು ಇನ್ನೊಂದು ಅಡಿ ಈಚೆ ಬಂದಿದ್ದರೆ ಎಂಬುದೊಂದೇ. ಮನೆಗೆ ಹೋದವನು ಫೋನಿನಲ್ಲಿ ಉದ್ದದ ಮೆಸೇಜ್ ಬರೆದ. ಬರೆಯುವಾಗ ಅವನಿಗೆ ಯಾವ ಅಕ್ಷರವೂ ಅಡ್ಡ ಬರುತ್ತಿರಲಿಲ್ಲ. ನಿಮಗೆ ಸರಿಯಾದ ಗೈಡ್ ಬೇಕು, ಮಾರಿಯಾ ಮೇಡಂ ಹತ್ತಿರ ಕೇಳಿ, ನನ್ನಿಂದ ಇನ್ನು ಆಗುವುದಿಲ್ಲ ಎಂದು ಕಳಿಸಿ, ಬೆಳಗಿನ ಅಲಾರಂ ತೆಗೆದುಹಾಕಿದ.

ಮುಂದಿನ ಭಾನುವಾರ ಬೆಳಿಗ್ಗೆ ಮರ್ಫಿ ಟೌನಿನ ಲಕ್ಷ್ಮಿಕಾಂತನ ಬೀದಿಗೆ ಆಟೋ ಒಂದು ಬಂದು ನಿಂತಿತು.

ಕಿಟಕಿಯಿಂದ ಮೊದಲು ನೋಡಿದವಳು ಅವನ ತಾಯಿ ಜಟ್ಟೆಮ್ಮ. ಯಾದಗಿರಿ ಕಡೆಯ ಶಹಾಪುರದಿಂದ ಗಂಡನ ಜೊತೆ ಕಟ್ಟಡದ ಕೆಲಸಕ್ಕೆಂದು ಬಂದು, ಇದೇ ಬಾಡಿಗೆ ಮನೆಯಲ್ಲಿ ಮಗನನ್ನು ಓದಿಸಿ, ಗಂಡ ಹೋದ ಮೇಲೂ ಇಲ್ಲೇ ಉಳಿದವಳು. "ಯಾರೋ ಬಂದಾರ ನೋಡಲೇ," ಎನ್ನುವಷ್ಟರಲ್ಲಿ ವಿಮಲಾಕ್ಷಿ ತಂದೆಯ ತೋಳು ಹಿಡಿದು ಕಡಿದಾದ ಮೆಟ್ಟಿಲು ಹತ್ತಿ ಬಾಗಿಲಿಗೇ ಬಂದಿದ್ದಳು. ಪ್ಲಾಸ್ಟರ್ ಹಾಕಿದ ಬಲಗೈ ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿ ನೇತಾಡುತ್ತಿತ್ತು.

"ನಿಮ್ಮ ಮೆಸೇಜ್ ಬಂತು," ಎಂದಳು, ಕೂರುವುದಕ್ಕೂ ಮೊದಲು. "ನನ್ನ ಫೋನು ಅದನ್ನ ಗಡಗಡ ಅಂತ ಒಂದೇ ಉಸಿರಿಗೆ ಓದಿಬಿಡ್ತು. ಯಾರೋ ಕಾಲ್ ಸೆಂಟರಿನೋಳು ನನ್ನ ಅಕೌಂಟ್ ಕ್ಲೋಸ್ ಮಾಡಿದ ಹಾಗಿತ್ತು. ಅದು ನೀವಲ್ಲ. ಹೇಳೋದಿದ್ರೆ ಬಾಯಲ್ಲಿ ಹೇಳಿ. ಎಷ್ಟು ಹೊತ್ತಾದ್ರೂ ಕೂತಿರ್ತೀನಿ."

ಜಟ್ಟೆಮ್ಮ ಚಾಪೆ ಹಾಸಿದಳು. ಲಕ್ಷ್ಮಿಕಾಂತ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ.

"ನಾ... ನಾನು ನಿಮ್ಮನ್ನ ಬೀ... ಬೀಳಿಸ್ದೆ."

"ಇಲ್ಲ. ನಾನು ಬಿದ್ದೆ." ಅವಳ ದನಿ ತಗ್ಗಿತು. "ಕಣ್ಣು ಹೋದ ಮೇಲೆ ನನ್ನನ್ನ ಯಾರೂ ಬೀಳೋಕೆ ಬಿಟ್ಟಿಲ್ಲ ಗೊತ್ತಾ? ಮೊಟ್ಟೆ ಹಿಡ್ಕೊಂಡ ಹಾಗೆ ಹಿಡ್ಕೊಂಡೇ ಓಡಾಡಿಸಿದಾರೆ. ಬೀಳ್ಬೇಕು ಅಂದ್ರೆ ಮೊದ್ಲು ಓಡ್ಬೇಕಲ್ವಾ? ಆಸ್ಪತ್ರೇಲಿ ಡಾಕ್ಟ್ರು ಹೇಗೆ ಬಿದ್ರಿ ಅಂತ ಕೇಳಿದ್ರು. ಓಡ್ತಾ ಬಿದ್ದೆ ಅಂತ ಹೇಳೋವಾಗ ನಂಗೆ ಎಷ್ಟು ಜಂಬ ಆಯ್ತು ಅಂತ ನಿಮ್ಗೆ ಹೇಳೋಕೆ ಕಾಯ್ತಿದ್ದೆ. ನೀವು ನೋಡಿದ್ರೆ ರಾಜೀನಾಮೆ ಕಳಿಸಿದೀರ."

ಶಿವಶಂಕರಪ್ಪ ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

"ಮತ್ತೆ ಹಂಗೇ ಆದ್ರೆ? ನಿ... ನಿ..." ಆ ಮಾತು ಈಗಲೂ ಬರಲಿಲ್ಲ.

ಒಲೆಯ ಮುಂದಿನಿಂದ ಜಟ್ಟೆಮ್ಮ ಹೇಳಿದಳು, "ನಿಲ್ಲು ಅಂತ ಯಾಕನ್ನಬೇಕೋ? ನಿಮ್ಮಪ್ಪ ಊರಾಗ ಹೊಲದಾಗ ಗಳೇ ಹೊಡೀವಾಗ ‘ಹೋ!’ ಅಂತಿದ್ದ. ಎತ್ತು ಅಲ್ಲೇ ನಿಲ್ತಿದ್ವು. ಹೋ ಅನ್ನಾಕ ಏನ್ ಕಷ್ಟ?"

"ಹೋ," ಎಂದ ಲಕ್ಷ್ಮಿಕಾಂತ. ಸಲೀಸಾಗಿ ಬಂತು. ಇನ್ನೊಮ್ಮೆ ಗಟ್ಟಿಯಾಗಿ, "ಹೋ!"

"ಅಮ್ಮ, ಅಂದ್ರೆ ನಾನು ಎತ್ತಾ?" ವಿಮಲಾಕ್ಷಿ ಬಿದ್ದುಬಿದ್ದು ನಕ್ಕಳು.

"ಎತ್ತಂದ್ರ ಸಣ್ಣ ಮಾತೇನವ್ವ? ಬಾ, ರೊಟ್ಟಿ ತಿನ್ನುವಂತಿ."

ಎಡಗೈಯಲ್ಲಿ ರೊಟ್ಟಿ ಮುರಿಯಲು ಬಾರದೆ ಅವಳು ಒದ್ದಾಡಿದಾಗ ಯಾರೂ ಸಹಾಯಕ್ಕೆ ಹೋಗಲಿಲ್ಲ. ಲಕ್ಷ್ಮಿಕಾಂತ ತಾಯಿಗೆ ಕಣ್ಸನ್ನೆ ಮಾಡಿ ತಡೆದಿದ್ದ. ಸ್ವಲ್ಪ ಹೊತ್ತಿಗೆ ಅವಳೇ ದಾರಿ ಕಂಡುಕೊಂಡಳು.

ಅವರು ಹೋದ ಮೇಲೆ ಜಟ್ಟೆಮ್ಮ ತಟ್ಟೆ ತೊಳೆದಿಟ್ಟಳು. ಆಮೇಲೆ ಬೆನ್ನು ತಿರುಗಿಸಿಕೊಂಡೇ ಹೇಳಿದಳು, "ನಾ ಸತ್ತ ಮ್ಯಾಲ ನಿನ್ ಮಾತು ಪೂರ್ತಿ ಕೇಳಾವ್ರು ಯಾರಂತ ಅಂಜಿಕಿ ಇತ್ತಪ್ಪ ನನಗ. ಆ ದೇವರು ದೊಡ್ಡಾವ."

ಮೇ ತಿಂಗಳ ಹತ್ತು ಕಿಲೋಮೀಟರ್ ಓಟ ಕೈತಪ್ಪಿತು. ಪ್ಲಾಸ್ಟರ್ ಬಿಚ್ಚಿದ ಮೇಲೆ ಮಾರಿಯಾ ಹಾಫ್‌ನ ತರಬೇತಿ ಶುರು ಮಾಡಿಸಿದರು. ಭಾನುವಾರದ ದೂರ ಸ್ವಲ್ಪಸ್ವಲ್ಪವೇ ಬೆಳೆಯಿತು. ಆಗಸ್ಟ್ ಹೊತ್ತಿಗೆ ಇಬ್ಬರೂ ಹಲಸೂರಿನಿಂದ ಹೊರಟು, ಹಳೆ ಮದರಾಸು ರಸ್ತೆಯಲ್ಲಿ ಮೆಟ್ರೋ ಕಂಬಗಳ ಪಕ್ಕದಲ್ಲೇ ಓಡಿ, ಕೆ.ಆರ್. ಪುರದ ತೂಗುಸೇತುವೆ ಮುಟ್ಟಿ, ಮೆಟ್ರೋದಲ್ಲಿ ವಾಪಸ್ ಬರುವುದು ರೂಢಿಯಾಯಿತು. ‘ಹೋ!’ ಕೇಳಿ ಹಿಂದಿನವರೂ ನಿಂತುಬಿಡುತ್ತಿದ್ದರು.

ಅಂಥದ್ದೇ ಒಂದು ಭಾನುವಾರ. ಬೆವರಿನ ಮೇಲೆ ಮೆಟ್ರೋದ ಎಸಿ ತಣ್ಣಗೆ ಕೂತಿತ್ತು. ಬೋಗಿ ಹೆಚ್ಚುಕಡಿಮೆ ಖಾಲಿ. ವಿಮಲಾಕ್ಷಿ ಬೂಟಿನೊಳಗೆ ಬೆರಳು ಅಲ್ಲಾಡಿಸುತ್ತಾ, "ಇವತ್ತು ಕಾಲು ನಂದಲ್ಲ, ಯಾರದ್ದೋ," ಎಂದಳು. ಬೆಳಗಿನ ಬಿಸಿಲು ಅವಳ ಕೆನ್ನೆಯ ಮೇಲೆ ಬಂದು ಹೋಗುತ್ತಿತ್ತು.

"ವಿಮಲಾಕ್ಷಿ," ಎಂದ ಅವನು. ಅವಳ ಹೆಸರು ಇಷ್ಟು ಸಲೀಸಾಗಿ ಬಂದದ್ದೇ ಧೈರ್ಯ ಕೊಟ್ಟಿತು. "ನಂಗೆ ನಿಮ್ಮ ಮೇ... ಮೇ..."

‘ಮುಂದಿನ ನಿಲ್ದಾಣ, ಬೆನ್ನಿಗಾನಹಳ್ಳಿ,’ ಎಂದಿತು ಮೆಟ್ರೋ, ಒಂದಕ್ಷರವೂ ತಡವರಿಸದೆ.

ಬಾಗಿಲು ತೆರೆಯಿತು, ಮುಚ್ಚಿತು. ಅವಳು ಬೆರಳಾಡಿಸುವುದನ್ನು ನಿಲ್ಲಿಸಿದ್ದಳು.

"ನಿಮ್ಮ ಮೇಲೆ... ಪ್... ಪ್..."

‘ಮುಂದಿನ ನಿಲ್ದಾಣ, ಬೈಯಪ್ಪನಹಳ್ಳಿ.’

ಅವನಿಗೆ ನಗು ಬಂತು. ಅವಳಿಗೂ ಬಂತು, ಆದರೆ ತುಟಿ ಬಿಗಿಹಿಡಿದು ತಡೆದುಕೊಂಡಳು. ಸ್ವಾಮಿ ವಿವೇಕಾನಂದ ರಸ್ತೆ ಹೋಯಿತು. ಇಂದಿರಾನಗರದಲ್ಲಿ ಕಾಲೇಜು ಹುಡುಗಿಯರ ಹಿಂಡು ಹತ್ತಿ ಗಲಾಟೆಯೆಬ್ಬಿಸಿತು. ಹಲಸೂರು ಬಂತು. ಇಳಿಯಬೇಕಾದ ಇಬ್ಬರೂ ಏಳಲಿಲ್ಲ. ಬಾಗಿಲು ಮುಚ್ಚಿಕೊಂಡು ರೈಲು ಟ್ರಿನಿಟಿಯ ಕಡೆ ಹೊರಟಾಗ ಅವನು ಹೇಳಿದ:

"ಪ್ರೀತಿ. ನಂಗೆ ನಿಮ್ಮ ಮೇಲೆ ಪ್ರೀತಿ. ಮದುವೆ ಆಗೋಣ್ವಾ ಅಂತ ಕೇಳ್ತಿದೀನಿ."

ಎದುರು ಸೀಟಿನ ಹುಡುಗಿಯರು ತಟ್ಟನೆ ಇತ್ತ ತಿರುಗಿದರು.

ಎಂ.ಜಿ. ರೋಡಿನಲ್ಲಿ ಇಳಿದು, ಪ್ಲಾಟ್‌ಫಾರಂನ ಬೆಂಚಿನ ಮೇಲೆ ಕೂತ ಮೇಲೆ ವಿಮಲಾಕ್ಷಿ ಮಾತಾಡಿದಳು.

"ನಂಗೊಂದು ಭಯ ಇದೆ. ನಿಮ್ಮ ಬಗ್ಗೆ ಅಲ್ಲ, ನನ್ನ ಬಗ್ಗೆ. ನಂಗೆ ಇರೋದು ಪ್ರೀತೀನಾ, ಇಲ್ಲ ಬರೀ ಉಪಕಾರದ ಋಣಾನಾ ಗೊತ್ತಾಗ್ತಿಲ್ಲ. ನೀವು ಬಂದ್ರಿ, ನಾನು ಮತ್ತೆ ಓಡ್ದೆ. ಅಷ್ಟು ಕೊಟ್ಟೋರ ಮೇಲೆ ಯಾರಿಗಾದ್ರೂ ಮನಸ್ಸಾಗುತ್ತೆ. ಆ ಋಣಕ್ಕೇ ಮದುವೆ ಆದ್ರೆ ಜೀವನಪೂರ್ತಿ ನಿಮ್ಗೆ ಥ್ಯಾಂಕ್ಸ್ ಹೇಳ್ಕೊಂಡೇ ಇರ್ಬೇಕಾಗುತ್ತೆ. ಅದು ನನಗೂ ಬೇಡ, ನಿಮಗೂ ಬೇಡ."

"ಮ... ಮತ್ತೆ?"

"ಹಾಫ್ ನಾನು ಮಾರಿಯಾ ಮೇಡಂ ಜೊತೆ ಓಡ್ತೀನಿ. ನೀವು ನಿಮ್ಮ ಓಟ ಓಡಿ, ನಿಮ್ಮ ಸ್ಪೀಡಲ್ಲಿ. ಅಲ್ಲೀವರ್ಗೂ ಪ್ರಾಕ್ಟೀಸೂ ಬೇರೆ ಬೇರೆ. ಓಟ ಮುಗಿದ ಮೇಲೆ ಹೇಳ್ತೀನಿ."

ಅವನಿಗೆ ನೋವಾಯಿತು. ಆದರೂ ಇವಳು ನನ್ನ ಮಾತಿಗೆ ಎಂಟು ತಿಂಗಳು ಕಾದವಳು. ಇವಳ ಮಾತಿಗೆ ಎರಡು ತಿಂಗಳು ಕಾಯಲಾರೆನೇ?

"ಸರಿ," ಎಂದ.

ಅಕ್ಟೋಬರಿನ ಓಟದ ದಿನ ಆಕಾಶ ತೊಳೆದಿಟ್ಟ ಹಾಗಿತ್ತು. ಬೇಲಿಯಾಚೆ ಜಟ್ಟೆಮ್ಮ ಮತ್ತು ಶಿವಶಂಕರಪ್ಪ ಒಬ್ಬರಿಂದೊಬ್ಬರು ಸ್ವಲ್ಪ ದೂರದಲ್ಲಿ, ಮದುವೆಮನೆಯಲ್ಲಿ ಪರಿಚಯವಿಲ್ಲದ ಎರಡು ಕಡೆಯವರ ಹಾಗೆ ನಿಂತಿದ್ದರು. ವಿಮಲಾಕ್ಷಿ ಮಾರಿಯಾ ಜೊತೆ ಸಾಲಿನಲ್ಲಿದ್ದಳು. ಲಕ್ಷ್ಮಿಕಾಂತ ಮುಂದಿನ ಸಾಲಿನಲ್ಲಿ.

ಓಟ ಶುರುವಾಯಿತು. ಅವನ ಕಾಲುಗಳು ಹಗುರಾಗಿದ್ದವು. ಆದರೆ ಬಲಗೈ ಮಾತ್ರ ಏನೋ ಕಳೆದುಕೊಂಡ ಹಾಗೆ ಖಾಲಿ ಬೀಸುತ್ತಿತ್ತು. ಮೊದಲ ತಿರುವಿನಲ್ಲೇ, "ಹಂಪ್ ಇದೆ!" ಎಂದು ಗಟ್ಟಿಯಾಗಿ ಕೂಗಿದ. ಪಕ್ಕದಲ್ಲಿ ಓಡುತ್ತಿದ್ದ ಅಪರಿಚಿತನೊಬ್ಬ, "ಥ್ಯಾಂಕ್ಸ್ ಗುರು," ಎಂದ. ಆಮೇಲೂ ಅವನ ಬಾಯಿ ನಿಲ್ಲಲಿಲ್ಲ. ಎಡಕ್ಕೆ ನೀರಿದೆ. ಮುಂದೆ ಏರಿದೆ. ಬಲಕ್ಕೆ ಆಕಾಶಮಲ್ಲಿಗೆ ಉದುರಿ ದಾರಿಯೆಲ್ಲ ಬೆಳ್ಳಗಾಗಿದೆ. ಯಾರಿಗೆ ಹೇಳುತ್ತಿದ್ದೇನೆ ಎಂದು ಒಮ್ಮೆ ನಾಚಿಕೆಯಾಯಿತು, ಆಮೇಲೆ ಅದೂ ಹೋಯಿತು. ಇಷ್ಟು ವರ್ಷ ಇದೇ ರಸ್ತೆಗಳಲ್ಲಿ ಓಡಿದವನಿಗೆ ಹೇಳಿಕೊಳ್ಳುವಂಥದ್ದು ಇಷ್ಟಿದೆಯೆಂದೇ ತಿಳಿದಿರಲಿಲ್ಲ. ಅವಳು ಇವತ್ತು ಬೇಡ ಎಂದರೂ, ಈ ಮಾತನ್ನೆಲ್ಲ ತನಗೆ ಕೊಟ್ಟವಳು ಅವಳೇ ಎಂದುಕೊಂಡಾಗ ಎದೆ ತುಂಬಿಬಂತು. ಹಿಂದೆಂದೂ ಓಡದಷ್ಟು ಬೇಗ ಗುರಿ ಮುಟ್ಟಿದ. ವಾಚ್ ನೋಡಲು ಮರೆತೇಹೋಯಿತು.

ಗುರಿಗೆರೆಯ ಬಳಿ ಕಾದ. ಬಿಸಿಲೇರಿತು. ದಣಿದವರು, ಕುಂಟುವವರು, ಅಳುವವರು, ನಗುವವರು ಒಬ್ಬೊಬ್ಬರಾಗಿ ದಾಟಿದರು. ಆಮೇಲೆ ಕಂಡಳು. ಕೆಳತುಟಿ ಕಚ್ಚಿಕೊಂಡು, ಕೆನ್ನೆಗಂಟಿದ ಆ ಎಳೆ ಕೂದಲಿನೊಂದಿಗೆ, ಒಂದೇ ಸಮನಾದ ಹೆಜ್ಜೆಯಲ್ಲಿ ಬರುತ್ತಿದ್ದಳು. ಮಾರಿಯಾ ಒಂದು ಕೈ ಮೇಲೆತ್ತಿ ಕಿರುಚುತ್ತಿದ್ದರು. ಗೆರೆ ದಾಟಿದ ಮೇಲೆ ಅವಳು ಮಂಡಿಯ ಮೇಲೆ ಕೈಯಿಟ್ಟು ಬಗ್ಗಿ ಬಹಳ ಹೊತ್ತು ಉಸಿರೆಳೆದುಕೊಂಡಳು. ಅವನು ಹತ್ತಿರ ಹೋಗಿ ನಿಂತ.

"ಆ ಸೋಪು," ಎಂದಳು ಅವಳು, ಬಗ್ಗಿಕೊಂಡೇ. "ಬಂದಿದೀರಾ?"

"ಬಂದಿದೀನಿ."

ಇಬ್ಬರೂ ಮೈದಾನದ ಹುಲ್ಲಿನ ಮೇಲೆ ಕೂತರು. ಮಾರಿಯಾ ಬಾಳೆಹಣ್ಣು ಕೊಟ್ಟು ಜಾಣತನದಿಂದ ಮಾಯವಾದರು.

"ಮಾರಿಯಾ ಮೇಡಂ ನಿಮಗಿಂತ ಚೆನ್ನಾಗಿ ಗೈಡ್ ಮಾಡ್ತಾರೆ," ಎಂದಳು ವಿಮಲಾಕ್ಷಿ. "ಒಂದು ಕಡೇನೂ ಎಡವಲಿಲ್ಲ. ಒಂದು ಸಲಾನೂ ದಾರ ಸಡಿಲ ಆಗ್ಲಿಲ್ಲ. ಅರ್ಧ ದಾರಿಯಲ್ಲೇ ನಂಗೆ ಗೊತ್ತಾಗೋಯ್ತು. ಓಡೋಕೆ ನಂಗೆ ನೀವು ಬೇಡ."

ಲಕ್ಷ್ಮಿಕಾಂತ ಬಾಳೆಹಣ್ಣಿನ ಸಿಪ್ಪೆಯನ್ನು ನೋಡುತ್ತಾ ಕೂತ.

"ಪೂರ್ತಿ ಕೇಳಿ. ಒಬ್ಬಜ್ಜಿ ದಾರಿ ಪಕ್ಕ ನಿಂತು ಎಲ್ರಿಗೂ ಚಿಕ್ಕಿ ಹಂಚ್ತಿದ್ರು, ನನ್ನ ಬಾಯಿಗೇ ಇಟ್ಬಿಟ್ರು. ಇದನ್ನ ಅವ್ನಿಗೆ ಹೇಳ್ಬೇಕು ಅಂದ್ಕೊಂಡೆ. ಸ್ಕೂಲ್ ಮಕ್ಕಳ ಬ್ಯಾಂಡಲ್ಲಿ ತುತ್ತೂರಿ ಊದೋನು ಒಬ್ನೇ ಬೇರೆ ಯಾವ್ದೋ ಹಾಡು ಊದ್ತಿದ್ದ. ಅದನ್ನೂ ಹೇಳ್ಬೇಕು. ಹಿಂದಿದ್ದೋರು ಏರು ಬಂದಾಗೆಲ್ಲ ಮಂಜುನಾಥ ಮಂಜುನಾಥ ಅಂತಿದ್ರು, ಇಳಿಜಾರಲ್ಲಿ ದೇವರನ್ನ ಮರೆತೇಬಿಡ್ತಿದ್ರು. ಅದನ್ನಂತೂ ಹೇಳ್ಲೇಬೇಕು. ಹ್ಯಾಗೂ ಓಡ್ತಿದೀನಿ, ನಂಗೆ ಯಾರ ಉಪಕಾರಾನೂ ಬೇಕಾಗಿಲ್ಲ, ಆದ್ರೂ ದಾರಿ ಪೂರ್ತಿ ಒಂದೊಂದೇ ಕೂಡಿಸಿಟ್ಕೊತಾ ಬಂದೆ." ಅವಳ ಮುಖ ಅವನು ಕೂತಿದ್ದ ಕಡೆ ತಿರುಗಿತು. "ಇದು ಋಣ ಅಲ್ಲ. ಗೊತ್ತಾಯ್ತಾ ನಿಂಗೆ?"

ನಿಂಗೆ ಎಂದಿದ್ದಳು. ಹತ್ತು ತಿಂಗಳಲ್ಲಿ ಮೊದಲ ಸಲ.

ಅವನು ಮಾತಾಡಲು ಹೋದ. ಒಂದಲ್ಲ, ಎಲ್ಲ ಅಕ್ಷರಗಳೂ ಒಟ್ಟಿಗೇ ಸಿಕ್ಕಿಕೊಂಡವು. ಅವಳೇ ಕೈಚಾಚಿ, ಹುಲ್ಲಿನ ಮೇಲೆ ತಡಕಾಡಿ, ಅವನ ಬೆರಳುಗಳನ್ನು ಹುಡುಕಿ ಹಿಡಿದುಕೊಂಡಳು. ನಡುವೆ ಏನೂ ಇರಲಿಲ್ಲ.

ಬೇಲಿ ದಾಟಿ ಬಂದ ಜಟ್ಟೆಮ್ಮನ ಕೈಯಲ್ಲಿ ಬಟ್ಟೆಯ ಗಂಟು. ಅವಳ ಹಿಂದೆ ಕಾಲೆಳೆಯುತ್ತಾ ಶಿವಶಂಕರಪ್ಪ. ಹಿಡಿದ ಕೈಗಳನ್ನು ಇಬ್ಬರೂ ನೋಡಿದರು, ನೋಡದ ಹಾಗೆಯೂ ಮಾಡಿದರು. ಸುಮ್ಮನಿರಲಾರದವಳು ಜಟ್ಟೆಮ್ಮ.

"ಏನವ್ವ, ಏನಂದಿ ನನ್ ಮಗಗ?"

"ಹ್ಞೂ ಅಂದೆ, ಅತ್ತೆ."

ಜಟ್ಟೆಮ್ಮ ಒಂದು ಕ್ಷಣ ನಿಂತಲ್ಲೇ ನಿಂತಳು. ಇಲ್ಲಿಯವರೆಗೆ ‘ಅಮ್ಮ’ ಎನ್ನುತ್ತಿದ್ದ ಹುಡುಗಿ. ಆಮೇಲೆ ಹುಲ್ಲಿನ ಮೇಲೆ ಕೂತು, ಗಂಟು ಬಿಚ್ಚಿ, ಮೊದಲ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ, ಸೆರಗು ಸರಿಮಾಡಿಕೊಂಡು, ಶಿವಶಂಕರಪ್ಪನವರ ಕಡೆ ಎರಡೂ ಕೈಯಿಂದ ಚಾಚಿದಳು.

"ತಗೋರಿ ಬೀಗರ," ಎಂದಳು. "ಕುಂದರ್ರಿ. ಎಷ್ಟೊತ್ತು ನಿಂತೀರಿ."